ರೈಸ್ ಮಿಲ್ ಆಫೀಸಿಗೆ ಥಿನ್ ಕ್ಲೈಂಟ್: ಯಾವ ಸಾಫ್ಟ್‌ವೇರ್ ಒಗ್ಗಿತು, ಯಾವುದು ಒಗ್ಗಲಿಲ್ಲ

ಗಂಗಾವತಿಯಿಂದ ಕಾರಟಗಿ ಕಡೆ ಹೋಗುವ ರಸ್ತೆಯಲ್ಲಿ ನಮ್ಮ ರೈಸ್ ಮಿಲ್ ಇದೆ. ಅಲ್ಲಿ ಹದಿನಾಲ್ಕು ವರ್ಷದಿಂದ ನಾನು ಲೆಕ್ಕ ನೋಡುತ್ತಿದ್ದೇನೆ. ಆಫೀಸಿನಲ್ಲಿ 11 ಕಂಪ್ಯೂಟರ್ ಇದ್ದವು. ಯಾವುದು ಕೆಟ್ಟರೂ ಮೊದಲು ನನ್ನನ್ನೇ ಕರೆಯುತ್ತಿದ್ದರು. ಮಿಲ್ ಅಂದ ಮೇಲೆ ಹೊಟ್ಟಿನ ಧೂಳು ಇದ್ದದ್ದೇ. ಬಾಗಿಲು ಎಷ್ಟು ಮುಚ್ಚಿದರೂ ಸಣ್ಣ ತೌಡಿನ ಪುಡಿ ಒಳಗೆ ಬರುತ್ತದೆ. ಪಿಸಿಯ ಫ್ಯಾನ್ ಅದನ್ನು ಎಳೆದುಕೊಳ್ಳುತ್ತದೆ, ರೆಕ್ಕೆಗೆ ಮೆತ್ತಿಕೊಂಡು ಕಂಬಳಿ ತುಂಡಿನ ಹಾಗೆ ದಪ್ಪ ಆಗುತ್ತದೆ. ನಮ್ಮ ಕಡೆಯ ಮೇ ತಿಂಗಳ ಬಿಸಿಲಿಗೆ ಇದೂ ಸೇರಿದರೆ ಮಧ್ಯಾಹ್ನ ಮೂರಕ್ಕೆ ಪಿಸಿ ತನ್ನಷ್ಟಕ್ಕೆ ಆಫ್. ಒಂದೇ ವರ್ಷದಲ್ಲಿ ನಾಲ್ಕು ಪವರ್ ಸಪ್ಲೈ, ಎರಡು ಹಾರ್ಡ್‌ಡಿಸ್ಕ್ ಹೋದವು.

ಅದಕ್ಕೇ ಹೋದ ವರ್ಷ ಆಗಸ್ಟ್ ಮೊದಲ ವಾರ ಥಿನ್ ಕ್ಲೈಂಟ್‌ಗೆ ಬದಲಾದೆವು. ಮುಂಗಾರಿನ ಭತ್ತ, ಬೇಸಿಗೆ ಬೆಳೆ ಎರಡೂ ಸೀಜನ್ ಅದರ ಮೇಲೇ ಮುಗಿದಿವೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಆ ಒಂದು ಅಂಕ ಯಾಕೆ ಹೋಯಿತು ಅನ್ನುವುದನ್ನೇ ಜಾಸ್ತಿ ಬರೆಯುತ್ತೇನೆ, ಯಾಕಂದರೆ ನನಗೆ ಮೊದಲೇ ಯಾರೂ ಹೇಳದೇ ಇದ್ದದ್ದು ಅದೇ.

ಗೊತ್ತಿಲ್ಲದವರಿಗೆ ಎರಡು ಮಾತು. ಥಿನ್ ಕ್ಲೈಂಟ್ ಅಂದರೆ ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ನಾವು ತಂದವುಗಳಲ್ಲಿ ಹಾರ್ಡ್‌ಡಿಸ್ಕ್ ಇಲ್ಲ, ಫ್ಯಾನೂ ಇಲ್ಲ. ಎಲ್ಲ ಕೆಲಸ ನಡೆಯುವುದು ಒಂದು ಸರ್ವರ್ (ಎಲ್ಲರೂ ಹಂಚಿಕೊಳ್ಳುವ ದೊಡ್ಡ ಕಂಪ್ಯೂಟರ್) ಮೇಲೆ. ನೀವು ಒತ್ತಿದ ಕೀ, ಆಡಿಸಿದ ಮೌಸ್ ಅಲ್ಲಿಗೆ ಹೋಗುತ್ತದೆ, ಪರದೆಯ ಚಿತ್ರ ಇಲ್ಲಿಗೆ ಬರುತ್ತದೆ. ಇದು ಹೊಸದೇನಲ್ಲ. 1998ರಲ್ಲೇ ವಿಂಡೋಸ್ ಎನ್‌ಟಿ 4.0ಗೆ ಟರ್ಮಿನಲ್ ಸರ್ವರ್ (ಹೀಗೆ ಹಲವರು ದೂರದಿಂದ ಬಳಸುವ ಸರ್ವರ್) ಆವೃತ್ತಿ ಬಂದಿತ್ತು. ಲಿನಕ್ಸ್‌ನಲ್ಲಿ ಎಲ್‌ಟಿಎಸ್‌ಪಿ ಅನ್ನುವ ಇಂಥದೇ ವ್ಯವಸ್ಥೆ 1999ರಿಂದ ಇದೆ. ನಮ್ಮ ಲೆಕ್ಕವೆಲ್ಲ ಟ್ಯಾಲಿಯಲ್ಲಿ ಇರುವುದರಿಂದ ನಾವು ವಿಂಡೋಸ್ ಸರ್ವರ್ ಹಿಡಿದೆವು. 64 ಜಿಬಿ ರ‍್ಯಾಮ್, ಎಂಟು ಕೋರ್, ಒಂದರ ನಕಲು ಇನ್ನೊಂದರಲ್ಲಿ ಇರುವ ಹಾಗೆ ಎರಡು ಎಸ್‌ಎಸ್‌ಡಿ. ಡಬ್ಬಿಗಳನ್ನು ಸೆಕೆಂಡ್‌ಹ್ಯಾಂಡ್‌ನಲ್ಲಿ ತಂದೆವು.

ನಾನು ಮಾಡಿದ ದೊಡ್ಡ ತಪ್ಪು ಏನೆಂದರೆ ಮೊದಲು ಡಬ್ಬಿ ಎಣಿಸಿದ್ದು. 11 ಕುರ್ಚಿ, ಹಾಗಾದರೆ 11 ಡಬ್ಬಿ ಅಂತ ಆರ್ಡರ್ ಕೊಟ್ಟೆ. ಎಣಿಸಬೇಕಾಗಿದ್ದು ಆ ಕುರ್ಚಿಯಲ್ಲಿ ಕೂತವರು ದಿನಕ್ಕೆ ಏನೇನು ತೆರೆಯುತ್ತಾರೆ ಅನ್ನುವುದನ್ನು. ಈಗ ಎಂಟು ಕುರ್ಚಿಗೆ ಮಾತ್ರ ಡಬ್ಬಿ ಇದೆ. ಮೂರು ಕಡೆ ಹಳೆಯ ಪಿಸಿಯೇ ವಾಪಸ್ ಬಂತು.

ಮೊದಲು ಚೆನ್ನಾಗಿ ಒಗ್ಗಿದ್ದನ್ನು ಹೇಳುತ್ತೇನೆ. ಟ್ಯಾಲಿಪ್ರೈಮ್. ಇದಕ್ಕಾಗಿಯೇ ಈ ವ್ಯವಸ್ಥೆ ಮಾಡಿದರೂ ತಪ್ಪಿಲ್ಲ. ಮೊದಲು ಟ್ಯಾಲಿಯ ಡೇಟಾ ಒಂದು ಪಿಸಿಯಲ್ಲಿ ಇರುತ್ತಿತ್ತು, ಉಳಿದವರು ನೆಟ್‌ವರ್ಕ್ ಮೂಲಕ ಅದನ್ನು ತೆರೆಯುತ್ತಿದ್ದರು. ಎಂಟ್ರಿ ಹೊಡೆಯುವಾಗ ಯಾರದೋ ಕಾಲಿಗೆ ಕೇಬಲ್ ಸಿಕ್ಕಿ ಸಂಪರ್ಕ ಹೋದರೆ ಡೇಟಾ ಕೆಡುವ ಭಯ. ಈಗ ಪ್ರೋಗ್ರಾಮ್, ಡೇಟಾ ಎರಡೂ ಒಂದೇ ಸರ್ವರ್‌ನಲ್ಲಿ ಇವೆ. ತಂತಿಯಲ್ಲಿ ಓಡಾಡುವುದು ಪರದೆಯ ಚಿತ್ರ ಮಾತ್ರ. ಮೂರು ವರ್ಷದ ಲೆಡ್ಜರ್ ಒಟ್ಟಿಗೆ ತೆರೆದರೂ ಕಾಯಿಸುವುದಿಲ್ಲ. ಆದರೆ ಒಬ್ಬರಿಗೆ ಮಾತ್ರ ಇರುವ ಸಿಲ್ವರ್ ಲೈಸೆನ್ಸ್ ಇಲ್ಲಿ ಸಾಲದು, ಹಲವರು ಬಳಸುವ ಗೋಲ್ಡ್ ಬೇಕು.

ಡಿಸೆಂಬರ್‌ನ ಒಂದು ಸಂಜೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನಮ್ಮ ಕ್ಯಾಷಿಯರ್ ಅಕ್ಕ ಹಮಾಲರ ವಾರದ ಪಟ್ಟಿ ಟೈಪ್ ಮಾಡುತ್ತಿದ್ದರು. ಅರವತ್ತು ಹೆಸರು, ಪ್ರತಿಯೊಬ್ಬರ ಚೀಲದ ಲೆಕ್ಕ. ನಲವತ್ತನೆಯ ಹೆಸರಿಗೆ ಬರುವಾಗ ಕರೆಂಟ್ ಹೋಯಿತು. ಅವರ ಮೇಜಿನ ಯುಪಿಎಸ್ ಬ್ಯಾಟರಿ ಸತ್ತು ಎರಡು ದಿನ ಆಗಿತ್ತು. ಪರದೆ ಕಪ್ಪಾಯಿತು. ಅಕ್ಕ ತಲೆ ಮೇಲೆ ಕೈ ಇಟ್ಟುಕೊಂಡು ಕೂತರು. ಜನರೇಟರ್ ಶುರುವಾಯಿತು, ಡಬ್ಬಿಗೆ ಹಸಿರು ದೀಪ ಬಂತು, ಪಾಸ್‌ವರ್ಡ್ ಹೊಡೆದರು. "ಅಯ್ಯ, ಅಲ್ಲೇ ಐತಿ ನೋಡ್ರೀ!" ಅಂದರು. ನಲವತ್ತನೆಯ ಹೆಸರಿನ ಅರ್ಧಕ್ಕೆ ಕರ್ಸರ್ ಮಿಣಮಿಣ ಅನ್ನುತ್ತಿತ್ತು. ಆರಿದ್ದು ಅವರ ಮೇಜಿನ ಡಬ್ಬಿ ಮಾತ್ರ. ಸರ್ವರ್ ದೊಡ್ಡ ಯುಪಿಎಸ್ ಮೇಲೆ ಇತ್ತು, ಅವರ ಕೆಲಸ ಅಲ್ಲಿ ಹಾಗೇ ತೆರೆದು ಕಾಯುತ್ತಿತ್ತು. ಇಷ್ಟಕ್ಕಾಗಿಯೇ ನಾನು ಈ ಡಬ್ಬಿಗಳನ್ನು ಪ್ರೀತಿಸುತ್ತೇನೆ.

ಆ ಪಟ್ಟಿ ಇದ್ದದ್ದು ಲಿಬ್ರೆಆಫೀಸ್‌ನ ಕ್ಯಾಲ್ಕ್‌ನಲ್ಲಿ. ಪತ್ರ, ಪಟ್ಟಿ, ಕೊಟೇಶನ್ ಇಂಥ ಕೆಲಸಕ್ಕೆ ಅದು ಸಾಕು, ಲೈಸೆನ್ಸ್ ಖರ್ಚೂ ಇಲ್ಲ. ಎಂಎಸ್ ಆಫೀಸ್ ಬೇಕೇ ಬೇಕು ಅನ್ನುವವರು ಒಂದು ವಿಷಯ ತಿಳಿದಿರಲಿ. ಒಂದು ಪಿಸಿಗೆ ಅಂತ ಅಂಗಡಿಯಲ್ಲಿ ಕೊಳ್ಳುವ ಎಂಎಸ್ ಆಫೀಸ್ ಟರ್ಮಿನಲ್ ಸರ್ವರ್ ಮೇಲೆ ನಡೆಯುವುದಿಲ್ಲ. ಸಂಸ್ಥೆಗಳಿಗೆ ಅಂತ ಕೊಡುವ ವಾಲ್ಯೂಮ್ ಲೈಸೆನ್ಸ್ ಬೇಕು. ಇಲ್ಲವೇ ಮೈಕ್ರೋಸಾಫ್ಟ್ 365ರಲ್ಲಿ, ಹಲವರು ಹಂಚಿಕೊಳ್ಳುವ ಕಂಪ್ಯೂಟರ್‌ಗೆ ಅನುಮತಿ ಇರುವ ಪ್ಲಾನ್ ಬೇಕು. ಬಿಸಿನೆಸ್ ಪ್ರೀಮಿಯಂನಲ್ಲಿ ಅದು ಇದೆ, ಬಿಸಿನೆಸ್ ಸ್ಟ್ಯಾಂಡರ್ಡ್‌ನಲ್ಲಿ ಇಲ್ಲ. ಇದನ್ನು ಕೇಳದೇ ದುಡ್ಡು ಕೊಡಬೇಡಿ. ನಾವು ಬ್ಯಾಂಕಿಗೆ ಕೊಡುವ ಸ್ಟಾಕ್ ಪಟ್ಟಿಯಲ್ಲಿ ಎಕ್ಸೆಲ್ ಮ್ಯಾಕ್ರೋ (ಪಟ್ಟಿಯೊಳಗೇ ಬರೆದ ಸಣ್ಣ ಪ್ರೋಗ್ರಾಮ್) ಇತ್ತು. ಅಂಥ ಮ್ಯಾಕ್ರೋ ಎಲ್ಲವೂ ಲಿಬ್ರೆಆಫೀಸ್‌ನಲ್ಲಿ ಹಾಗೆ ಹಾಗೇ ನಡೆಯುವುದಿಲ್ಲ. ಎರಡು ಭಾನುವಾರ ಕೂತು ಅದನ್ನು ಸಾದಾ ಫಾರ್ಮುಲಾದಲ್ಲಿ ಮತ್ತೆ ಮಾಡಿದೆ.

ಕನ್ನಡದ ವಿಷಯದಲ್ಲಿ ಲಾಭವೇ ಆಯಿತು. ಮೊದಲು ಒಂದು ಪಿಸಿಯಲ್ಲಿ ನುಡಿ ಫಾಂಟ್ ಇರುತ್ತಿತ್ತು, ಇನ್ನೊಂದರಲ್ಲಿ ಇರುತ್ತಿರಲಿಲ್ಲ. ಎಪಿಎಂಸಿಗೆ ಬರೆದ ಹಳೆಯ ಪತ್ರವನ್ನು ಪಕ್ಕದ ಮೇಜಿನಲ್ಲಿ ತೆರೆದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳು ಕಾಣುತ್ತಿದ್ದವು. ಈಗ ಫಾಂಟ್‌ಗಳನ್ನು ಸರ್ವರ್‌ಗೆ ಒಂದೇ ಸಲ ಹಾಕಿದೆ, ಎಂಟೂ ಜನಕ್ಕೆ ಬಂತು. ಹೊಸ ಪತ್ರಗಳನ್ನೆಲ್ಲ ಯುನಿಕೋಡ್‌ನಲ್ಲೇ ಬರೆಯುತ್ತಿದ್ದೇವೆ.

ಇನ್ನು ತೊಂದರೆ ಕೊಟ್ಟವು. ಬ್ರೌಸರ್‌ನಿಂದ ಶುರು ಮಾಡುತ್ತೇನೆ. ಜಿಎಸ್‌ಟಿ, ಇ-ವೇ ಬಿಲ್, ಬ್ಯಾಂಕ್, ವಾಟ್ಸಾಪ್ ವೆಬ್ ಎಲ್ಲ ನಡೆಯುವುದು ಅದರಲ್ಲೇ, ಬಿಡುವಂತಿಲ್ಲ. ಆದರೆ ರ‍್ಯಾಮ್ ನುಂಗುವುದೂ ಅದೇ. ಸರ್ವರ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಯೂಸರ್ಸ್ ಅಂತ ಒಂದು ಪುಟ ಇದೆ. ಯಾರು ಎಷ್ಟು ಮೆಮೊರಿ ತಿನ್ನುತ್ತಿದ್ದಾರೆ ಅನ್ನುವುದು ಹೆಸರಿನ ಸಮೇತ ಅಲ್ಲಿ ಕಾಣುತ್ತದೆ. ನಮ್ಮಲ್ಲಿ ಟ್ಯಾಲಿ, ಕ್ಯಾಲ್ಕ್ ಎರಡನ್ನು ತೆರೆದವರು 600ರಿಂದ 700 ಎಂಬಿ ಒಳಗೆ ಇದ್ದರು. ಹದಿನೈದು ಟ್ಯಾಬ್ ತೆರೆದಿಟ್ಟವರು 3 ಜಿಬಿ ದಾಟಿದ್ದರು. ಸೇಲ್ಸ್ ನೋಡುವ ಹುಡುಗನ ಹತ್ತಿರ ಕೂತು ಕೇಳಿದೆ. "ಅಣ್ಣಾ, ಮುಚ್ಚಿದ್ರ ಮತ್ತ ಹುಡುಕಬೇಕಾಗ್ತೈತಿ, ಅದಕ್ಕ ಬಿಟ್ಟೀನಿ" ಅಂದ. ಬೇಕಾದ ಆರು ಪುಟಗಳನ್ನು ಬುಕ್‌ಮಾರ್ಕ್ ಮಾಡಿ ಕೊಟ್ಟೆ. ಸಮಸ್ಯೆ ಮುಗಿಯಿತು. ಸರ್ವರ್ ಕೊಳ್ಳುವಾಗ ಟ್ಯಾಲಿ ಲೆಕ್ಕ ಹಿಡಿದು ರ‍್ಯಾಮ್ ನಿರ್ಧರಿಸಬೇಡಿ, ಬ್ರೌಸರ್ ಲೆಕ್ಕ ಹಿಡಿಯಿರಿ.

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕಥೆ ದೊಡ್ಡದು. ಲಾರಿ ಚೀಟಿ ನಮ್ಮಲ್ಲಿ ಮೂರು ಪ್ರತಿ, ಕಾರ್ಬನ್ ಪೇಪರ್ ಇರುವ ಉದ್ದನೆಯ ಕಾಗದ. ಲೇಸರ್ ಪ್ರಿಂಟರ್‌ನಲ್ಲಿ ಒಂದೇ ಏಟಿಗೆ ಮೂರು ಪ್ರತಿ ಬರುವುದಿಲ್ಲ. ಹಾಗಾಗಿ ಡಾಟ್ ಮ್ಯಾಟ್ರಿಕ್ಸ್ ಬಿಡಲು ಆಗುವುದಿಲ್ಲ. ಪ್ರಿಂಟರ್ ಅನ್ನು ಡಬ್ಬಿಯ ಹಿಂದೆ ಚುಚ್ಚಿದೆವು, ಸರ್ವರ್ ಅದನ್ನು ತಾನೇ ಗುರುತಿಸಿತು, ಖುಷಿಯಾಯಿತು. ಮೊದಲ ಚೀಟಿ ಕೊಟ್ಟಾಗ ಗೊತ್ತಾಯಿತು. ಮೊದಲು ಅಕ್ಷರ ಅಕ್ಷರವಾಗಿ ಟರ್ರ್ ಅಂತ ಒಂದೇ ಉಸಿರಿಗೆ ಬರುತ್ತಿದ್ದ ಚೀಟಿ ಈಗ ಚಿತ್ರವಾಗಿ ಬರುತ್ತಿತ್ತು. ಹೆಡ್ ಒಂದೇ ಸಾಲಿನ ಮೇಲೆ ನಾಲ್ಕು ಸಲ ಓಡಾಡುತ್ತಿತ್ತು. ಅಕ್ಷರದ ಮೇಲಿನ ಅರ್ಧ ಬಂದು, ಕಾಗದ ಕೂದಲೆಳೆಯಷ್ಟು ಸರಿದು, ಆಮೇಲೆ ಕೆಳಗಿನ ಅರ್ಧ. ಕಿಟಕಿಯ ಹೊರಗೆ ಆರು ಲಾರಿ ಡ್ರೈವರ್‌ಗಳು ನಿಂತಿದ್ದರು. ಕಾರಣ ಇಷ್ಟೇ: ಹೀಗೆ ದೂರದಿಂದ ದಾಟಿಸಿದ ಪ್ರಿಂಟರ್‌ಗೆ ಸರ್ವರ್ ತನ್ನ ಸಾಮಾನ್ಯ ಡ್ರೈವರ್ (ಪ್ರಿಂಟರ್ ನಡೆಸುವ ಸಾಫ್ಟ್‌ವೇರ್) ಬಳಸುತ್ತದೆ. ಅದು ಪುಟವನ್ನೆಲ್ಲ ಚಿತ್ರ ಮಾಡಿ ಕಳಿಸುತ್ತದೆ. ಪ್ರಿಂಟರ್‌ಗೆ ಸಣ್ಣ ಪ್ರಿಂಟ್ ಸರ್ವರ್ ಡಬ್ಬಿ ತಂದು ನೇರ ನೆಟ್‌ವರ್ಕ್‌ಗೆ ಸೇರಿಸಿದೆ. ಪ್ರಿಂಟರ್‌ನದೇ ಡ್ರೈವರ್ ಅನ್ನು ಸರ್ವರ್‌ಗೆ ಹಾಕಿದೆ, ಟ್ಯಾಲಿಯಲ್ಲಿ ಡಾಟ್ ಮ್ಯಾಟ್ರಿಕ್ಸ್ ಫಾರ್ಮ್ಯಾಟ್ ಆರಿಸಿದೆ. ಮತ್ತೆ ಟರ್ರ್ ಅನ್ನುವ ಸದ್ದು ಬಂತು.

ಗೇಟ್ ಪಾಸ್ ಸಾಫ್ಟ್‌ವೇರ್ ಇನ್ನೊಂದು ಪಾಠ ಕಲಿಸಿತು. ಅದು ನಮಗಾಗಿ ಒಬ್ಬರು ಬರೆದುಕೊಟ್ಟಿದ್ದು. ಒಂದೇ ಪಿಸಿಯಲ್ಲಿ ವರ್ಷಗಟ್ಟಲೆ ಚೆನ್ನಾಗಿ ನಡೆದಿತ್ತು. ಸರ್ವರ್‌ಗೆ ಹಾಕಿ ಎರಡು ಗೇಟಿನವರೂ ಒಟ್ಟಿಗೆ ತೆರೆದರು. ಮಧ್ಯಾಹ್ನದ ಹೊತ್ತಿಗೆ ಎರಡು ಲಾರಿಗೆ ಒಂದೇ ನಂಬರಿನ ಪಾಸ್ ಬಂದಿತ್ತು! ಹುಡುಕಿದಾಗ ತಿಳಿಯಿತು, ಕೊನೆಯ ನಂಬರನ್ನು ಆ ಪ್ರೋಗ್ರಾಮ್ ತನ್ನದೇ ಫೋಲ್ಡರಿನ ಒಂದು ಸಣ್ಣ ಫೈಲಿನಲ್ಲಿ ಬರೆದಿಡುತ್ತಿತ್ತು. ಪಿಸಿಗೆ ಒಬ್ಬರೇ ಇರುತ್ತಾರೆ ಅಂದುಕೊಂಡು ಬರೆದ ಪ್ರೋಗ್ರಾಮ್ ಅದು. ಬರೆದವರು ಬಂದು ನಂಬರನ್ನು ಡೇಟಾಬೇಸ್‌ಗೆ ಹಾಕಿ ಸರಿ ಮಾಡಿದರು. ಆಮೇಲಿಂದ ಯಾವ ಹೊಸ ಸಾಫ್ಟ್‌ವೇರ್ ಬಂದರೂ ನಾನು ಮಾಡುವ ಪರೀಕ್ಷೆ ಒಂದೇ. ಎರಡು ಹೆಸರಿನಲ್ಲಿ ಲಾಗಿನ್ ಆಗಿ ಇಬ್ಬರಲ್ಲೂ ಅದನ್ನು ತೆರೆಯುತ್ತೇನೆ. ಒಬ್ಬರಲ್ಲಿ ಪ್ರಿಂಟರ್ ಬದಲಿಸುತ್ತೇನೆ. ಇನ್ನೊಬ್ಬರಲ್ಲೂ ಬದಲಾದರೆ ಆ ಸಾಫ್ಟ್‌ವೇರ್ ಸರ್ವರ್‌ಗೆ ಇನ್ನೂ ಸಿದ್ಧವಾಗಿಲ್ಲ ಅಂತ ಅರ್ಥ. ಹಾಕುವಾಗಲೂ ಸುಮ್ನೆ ಡಬಲ್ ಕ್ಲಿಕ್ ಮಾಡುವುದಿಲ್ಲ. ಮೊದಲು ಸರ್ವರ್ ಅನ್ನು ಇನ್‌ಸ್ಟಾಲ್ ಮೋಡ್‌ಗೆ ತಂದು, ಮುಗಿದ ಮೇಲೆ ಎಕ್ಸಿಕ್ಯೂಟ್ ಮೋಡ್‌ಗೆ ತಿರುಗಿಸುತ್ತೇನೆ. ಇದಕ್ಕೆ ಚೇಂಜ್ ಯೂಸರ್ ಅನ್ನುವ ಕಮಾಂಡ್ ಇದೆ.

ಹಮಾಲಿ ಲೆಕ್ಕದ ಹಳೆಯ ಡಾಸ್ ಪ್ರೋಗ್ರಾಮ್ ಶುರುವೇ ಆಗಲಿಲ್ಲ. ವಿಂಡೋಸ್ ಸರ್ವರ್ 2008 ಆರ್2ರಿಂದ ಈಚೆಗೆ ಎಲ್ಲ 64 ಬಿಟ್ ಮಾತ್ರ, ಅದರಲ್ಲಿ ಡಾಸ್ ಪ್ರೋಗ್ರಾಮ್ ನೇರವಾಗಿ ನಡೆಯುವುದಿಲ್ಲ. ನಡೆದರೂ ಅವು ಒಳ್ಳೆಯ ಜೊತೆಗಾರರಲ್ಲ. ಕೀ ಒತ್ತಿದರಾ, ಕೀ ಒತ್ತಿದರಾ ಅಂತ ಬಿಡುವಿಲ್ಲದೆ ಕೇಳುತ್ತಾ ಪ್ರೊಸೆಸರ್ ತಿನ್ನುತ್ತವೆ. ಒಂದು ಪಿಸಿಯಲ್ಲಿ ಅದು ಯಾರಿಗೂ ಕಾಣುವುದಿಲ್ಲ, ಎಂಟು ಜನ ಹಂಚಿಕೊಂಡ ಕಡೆ ಎಲ್ಲರಿಗೂ ತಟ್ಟುತ್ತದೆ. ಆ ಲೆಕ್ಕವನ್ನೇ ಕ್ಯಾಲ್ಕ್‌ಗೆ ತಂದೆವು.

ಡಿಜಿಟಲ್ ಸಹಿಯ ಟೋಕನ್‌ಗೆ (ಪೆನ್‌ಡ್ರೈವ್‌ನಂಥ ಸಣ್ಣ ಸಾಧನ) ಎರಡು ಗಂಟೆ ಹೋಯಿತು. ಕೆಲಸವೆಲ್ಲ ಸರ್ವರ್‌ನಲ್ಲಿ ತಾನೇ, ಟೋಕನ್ ಕೂಡ ಅಲ್ಲೇ ಚುಚ್ಚೋಣ ಅಂದುಕೊಂಡೆ. ಸರ್ವರ್‌ಗೆ ಚುಚ್ಚಿದ ಟೋಕನ್ ದೂರದಿಂದ ಬಂದವರಿಗೆ ಕಾಣುವುದೇ ಇಲ್ಲ. ಅದನ್ನು ನೀವು ಕೂತಿರುವ ಡಬ್ಬಿಗೇ ಚುಚ್ಚಬೇಕು, ಸಂಪರ್ಕದ ಸೆಟ್ಟಿಂಗ್‌ನಲ್ಲಿ ಸ್ಮಾರ್ಟ್ ಕಾರ್ಡ್ ಅನ್ನುವುದಕ್ಕೆ ಟಿಕ್ ಹಾಕಬೇಕು. ಟೋಕನ್‌ನ ಡ್ರೈವರ್ ಮಾತ್ರ ಸರ್ವರ್‌ನಲ್ಲಿ ಇರಬೇಕು.

ಈಗ ಪಿಸಿ ವಾಪಸ್ ಬಂದ ಮೂರು ಕುರ್ಚಿಗಳು.

ಒಂದು ಧಣಿಗಳದು. ಅವರು ಕೂತಲ್ಲಿಂದಲೇ ಎಂಟು ಕ್ಯಾಮೆರಾ ನೋಡುತ್ತಾರೆ, ಹೈದರಾಬಾದ್ ವ್ಯಾಪಾರಿಗಳ ಜೊತೆ ವಿಡಿಯೋದಲ್ಲಿ ಮಾತಾಡುತ್ತಾರೆ. ಓಡುವ ಚಿತ್ರ ಥಿನ್ ಕ್ಲೈಂಟ್‌ಗೆ ಆಗಿಬರುವುದಿಲ್ಲ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸರ್ವರ್ ಆ ಚಿತ್ರವನ್ನೆಲ್ಲ ಪ್ರೊಸೆಸರ್‌ನಿಂದಲೇ ಬಿಡಿಸಿ, ಮತ್ತೆ ಸುತ್ತಿ (ಅಂದರೆ ಕುಗ್ಗಿಸಿ) ಕಳಿಸಬೇಕು. ಧಣಿಗಳು ಕ್ಯಾಮೆರಾ ತೆರೆದರೆ ಆಚೆ ಟ್ಯಾಲಿಯವರ ಕೀ ತಡವಾಗಿ ಬೀಳುತ್ತಿತ್ತು.

ಎರಡನೆಯದು ಚೀಲದ ಡಿಸೈನ್ ಮಾಡುವವನದು. 2022ರ ಜುಲೈ 18ರಿಂದ 25 ಕೆಜಿವರೆಗಿನ, ಲೇಬಲ್ ಹಾಕಿ ಪ್ಯಾಕ್ ಮಾಡಿದ ಅಕ್ಕಿಗೆ ಶೇಕಡ 5 ಜಿಎಸ್‌ಟಿ ಬಂತಲ್ವಾ, ಆಗ 26 ಕೆಜಿ ಚೀಲಗಳು ಶುರುವಾದವು. ಅಲ್ಲಿಂದ ಅವನಿಗೆ ಡಿಸೈನ್ ಕೆಲಸ ಜಾಸ್ತಿ. ಕೋರೆಲ್‌ಡ್ರಾನಲ್ಲಿ ದೊಡ್ಡ ಫೈಲ್, ಸಣ್ಣ ಬಣ್ಣದ ವ್ಯತ್ಯಾಸ. ಬಣ್ಣ ನಂಬಿ ಕೆಲಸ ಮಾಡುವವರಿಗೆ ಸುತ್ತಿ ಕಳಿಸಿದ ಚಿತ್ರ ಕೊಡಬಾರದು. ಒಂದೇ ದಿನ ನೋಡಿ ಅವನ ಪಿಸಿ ಅವನಿಗೆ ಕೊಟ್ಟೆ.

ಮೂರನೆಯದು ತೂಕದ ಮನೆ. ಇದನ್ನು ಬಿಡಿಸಿ ಹೇಳಲೇಬೇಕು. ಲಾರಿ ತೂಗುವ ವೇಬ್ರಿಜ್‌ನ ಇಂಡಿಕೇಟರ್‌ನಿಂದ (ಅಂಕಿ ತೋರಿಸುವ ಪೆಟ್ಟಿಗೆ) ಒಂದು ಸೀರಿಯಲ್ ಕೇಬಲ್ ಪಿಸಿಗೆ ಬರುತ್ತದೆ. ತೂಕದ ಅಂಕಿ ಸೆಕೆಂಡಿಗೆ ಹಲವು ಸಲ ಅದರಲ್ಲಿ ಬರುತ್ತಾ ಇರುತ್ತದೆ. ಸೀರಿಯಲ್ ಪೋರ್ಟ್ ಅನ್ನೂ ಸರ್ವರ್‌ಗೆ ದಾಟಿಸಬಹುದು, ಸೆಟ್ಟಿಂಗ್ ಇದೆ. ನಾನು ದಾಟಿಸಿ ನೋಡಿದೆ. ಖಾಲಿ ಲಾರಿ ನಿಲ್ಲಿಸಿ, ಡ್ರೈವರ್‌ನನ್ನು ಹತ್ತಿಸಿ ಇಳಿಸಿದೆ. ಇಂಡಿಕೇಟರ್‌ನ ಕೆಂಪು ಅಂಕಿ ಆಗಲೇ ಬದಲಾಗಿತ್ತು, ಪರದೆಯ ಅಂಕಿ ಎರಡು ಮೂರು ಸೆಕೆಂಡ್ ಹಳೆಯದರಲ್ಲೇ ನಿಂತಿತ್ತು. ಒಮ್ಮೆ ಅಲ್ಲ, ಹತ್ತರಲ್ಲಿ ಮೂರು ಸಲ. ನಮ್ಮ ಕಡೆ ಭತ್ತದ ರೇಟು 75 ಕೆಜಿ ಚೀಲಕ್ಕೆ. ರೈತ ತನ್ನ ವರ್ಷದ ಬೆಳೆ ತಂದು ಆ ಪರದೆಯನ್ನೇ ನೋಡುತ್ತಾ ನಿಂತಿರುತ್ತಾನೆ. ಹಳೆಯ ಅಂಕಿ ಹಿಡಿದು ಚೀಟಿ ಹರಿದರೆ ಅವನಿಗೋ ನಮಗೋ ಅನ್ಯಾಯ. ಎರಡೂ ಬೇಡ. ಅವತ್ತೇ ಕೇಬಲ್ ಬಿಚ್ಚಿ ಪಿಸಿಗೆ ಹಾಕಿದೆ. ತೂಕ ಅಲ್ಲೇ ದಾಖಲಾಗುತ್ತದೆ, ಆಮೇಲೆ ಆ ದಾಖಲೆ ಮಾತ್ರ ಸರ್ವರ್‌ಗೆ ಹೋಗುತ್ತದೆ. ಪಿಸಿಯ ಹಿಂದೆ ಹೊರಗಿನ ಯಂತ್ರದ ತಂತಿ ಇದ್ದರೆ ಅದನ್ನು ಮುಟ್ಟಬೇಡಿ ಅಂತ ಈಗ ಪಕ್ಕದ ಮಿಲ್ಲಿನವರಿಗೂ ಹೇಳುತ್ತೇನೆ.

ಲೈಸೆನ್ಸ್ ಬಗ್ಗೆ ಒಂದು ನೋವಿನ ಮಾತು. ವಿಂಡೋಸ್ ಸರ್ವರ್‌ಗೆ ದೂರದಿಂದ ಸೇರುವ ಪ್ರತಿಯೊಬ್ಬರಿಗೂ ಸಾಮಾನ್ಯ ಸಿಎಎಲ್ (ಸರ್ವರ್ ಬಳಸಲು ಬೇಕಾದ ಲೈಸೆನ್ಸ್) ಜೊತೆಗೆ ಆರ್‌ಡಿಎಸ್ ಸಿಎಎಲ್ ಅಂತ ಬೇರೆ ಲೈಸೆನ್ಸ್ ಬೇಕು. ಅದಿಲ್ಲದೆ 120 ದಿನ ನಡೆಯುತ್ತದೆ. ನಮಗೆ ಸರ್ವರ್ ಕೂಡಿಸಿಕೊಟ್ಟವರು ಇದನ್ನು ಹೇಳಲಿಲ್ಲ, ಬಿಲ್ಲಿನಲ್ಲೂ ಇರಲಿಲ್ಲ. ಆಗಸ್ಟ್‌ನಿಂದ ಎಣಿಸಿ ನೋಡಿ. ಡಿಸೆಂಬರ್ ಮೊದಲ ವಾರ, ಭತ್ತ ಬಂದು ಬೀಳುವ ಹೊತ್ತು, ರಸ್ತೆಯವರೆಗೆ ಟ್ರ್ಯಾಕ್ಟರ್ ಸಾಲು. ಬೆಳಿಗ್ಗೆ ಒಂಬತ್ತಕ್ಕೆ ಎಂಟೂ ಡಬ್ಬಿಯಲ್ಲಿ ಲಾಗಿನ್ ಇಲ್ಲ. ನಾನು ಅಡ್ಮಿನ್ ಆಗಿ ಮಾತ್ರ ಒಳಗೆ ಹೋಗಲು ಆಯಿತು. ಸಂಜೆ ಲೈಸೆನ್ಸ್ ಬರುವವರೆಗೆ ಎಲ್ಲರೂ ಕೈಯಲ್ಲಿ ಚೀಟಿ ಬರೆದರು. ಅವತ್ತಿನ ಎಂಟ್ರಿ ಮುಗಿಸುವಾಗ ರಾತ್ರಿ ಹನ್ನೊಂದೂವರೆ. ಕೊಟೇಶನ್ ತೆಗೆದುಕೊಳ್ಳುವಾಗಲೇ ಆರ್‌ಡಿಎಸ್ ಸಿಎಎಲ್ ಎಷ್ಟು, ಯಾರ ಹೆಸರಿಗೆ ಅಂತ ಬರೆಸಿಕೊಳ್ಳಿ.

ಸರ್ವರ್ ಕೂತರೆ ಎಂಟೂ ಜನ ಕೂರುತ್ತಾರೆ, ಅದು ನಿಜ. ಅದಕ್ಕೆ ಪ್ರತಿ ರಾತ್ರಿ ಬ್ಯಾಕಪ್ ತೆಗೆಯುತ್ತೇವೆ, ಒಂದು ಪ್ರತಿ ಧಣಿಗಳ ಮನೆಗೆ ಹೋಗುತ್ತದೆ. ಸರ್ವರ್ ಇಟ್ಟಿರುವ ಕೋಣೆಗೆ ಎಸಿ ಇದೆ, ಕಿಟಕಿ ಇಲ್ಲ. ವೈಫೈ ಮೇಲೆ ಒಂದು ಡಬ್ಬಿಯೂ ಇಲ್ಲ, ಎಲ್ಲಕ್ಕೂ ತಂತಿ ಎಳೆದಿದ್ದೇವೆ. ಒಂದು ಡಬ್ಬಿ 15 ವ್ಯಾಟ್ ಒಳಗೆ ನಡೆಯುತ್ತದೆ, ಜನರೇಟರ್ ಮೇಲಿನ ಹೊರೆಯೂ ಕಡಿಮೆಯಾಯಿತು.

ಈ ಮುಂಗಾರಿಗೆ ತೌಡಿನ ಗೋಡೌನ್‌ನಲ್ಲಿ ಒಬ್ಬ ಹೊಸ ಗುಮಾಸ್ತ ಬರುತ್ತಾನೆ. ಅವನು ತೆರೆಯುವುದು ಟ್ಯಾಲಿ, ಒಂದು ಸ್ಟಾಕ್ ಪಟ್ಟಿ, ಇ-ವೇ ಬಿಲ್ ಅಷ್ಟೇ. ಮೂಲೆಯಲ್ಲಿ ಉಳಿದಿದ್ದ ಮೂರು ಡಬ್ಬಿಯಲ್ಲಿ ಒಂದನ್ನು ಒರೆಸಿ ಅವನ ಮೇಜಿಗೆ ಇಟ್ಟಿದ್ದೇನೆ, ಒಂಬತ್ತನೆಯ ಲೈಸೆನ್ಸ್‌ಗೂ ಆರ್ಡರ್ ಕೊಟ್ಟಾಗಿದೆ. ತೂಕದ ಮನೆಯ ಪಿಸಿಯನ್ನು ತಿಂಗಳಿಗೊಮ್ಮೆ ಹೊರಗೆ ತಂದು ಬ್ಲೋವರ್‌ನಿಂದ ಹೊಟ್ಟು ಊದಿಸುತ್ತೇನೆ.